ಕಂಪ್ಯೂಟರ್ ಬರುತ್ತದೆ, ಪ್ರಿಂಟ್ ಬರುವುದಿಲ್ಲ

ಬೆಳಗಾವಿ, ನಿಪ್ಪಾಣಿ, ಸಾತಾರಾ ದಾರಿಯಾಗಿ ಬರುವ ಬಸ್ಸು ಕಾತ್ರಜ್ ಸುರಂಗ ದಾಟಿ ಇಳಿಜಾರಿಗೆ ಬಂತೆಂದರೆ ಪುಣೆ ಶುರುವಾಯಿತೆಂದೇ ಲೆಕ್ಕ. ಆ ಕಾತ್ರಜ್‌ಗೆ ಅಂಟಿಕೊಂಡಿರುವುದು ಧನಕವಡಿ. ಹಿಂದೆ ಊರಾಚೆಯ ಹಳ್ಳಿ, ಈಗ ಓದುವ ಹುಡುಗ ಹುಡುಗಿಯರ ಪೇಟೆ. 1983ರಲ್ಲಿ ವಸಂತದಾದಾ ಪಾಟೀಲರ ಸರ್ಕಾರ ಅನುದಾನವಿಲ್ಲದ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಟ್ಟಿತು. ಪುಣೆ ಇನ್‌ಸ್ಟಿಟ್ಯೂಟ್ ಆಫ್ ಕಂಪ್ಯೂಟರ್ ಟೆಕ್ನಾಲಜಿ, ಭಾರತಿ ವಿದ್ಯಾಪೀಠದ ಎಂಜಿನಿಯರಿಂಗ್ ಕಾಲೇಜು ಎರಡೂ ಹುಟ್ಟಿದ್ದು ಅದೇ ವರ್ಷ. ಇಂದು ಎರಡೂ ಇರುವುದು ಧನಕವಡಿಯಲ್ಲಿ. ಅವುಗಳ ಸುತ್ತ ಮೆಸ್ಸು, ಪೇಯಿಂಗ್ ಗೆಸ್ಟ್ ಕೋಣೆ, ಮತ್ತು ಕಾಲಿಟ್ಟ ಕಡೆ ಜೆರಾಕ್ಸ್ ಅಂಗಡಿ. ಜತ್, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಕನ್ನಡ ಶಾಲೆಗಳಲ್ಲಿ ಕಲಿತವರು, ವಿಜಯಪುರ ಕಲಬುರಗಿ ಕಡೆಯವರು, ಎಲ್ಲರೂ ಈ ಗಲ್ಲಿಗಳಲ್ಲಿ ಸಿಗುತ್ತಾರೆ.

ಸೆಮಿಸ್ಟರ್ ಕೊನೆಗೆ ಇಲ್ಲಿ 'ಸಬ್ಮಿಷನ್' ಎಂಬ ಹಬ್ಬ ಬರುತ್ತದೆ. ಜರ್ನಲ್ಲು, ಅಸೈನ್‌ಮೆಂಟು, ಕೊನೆಯ ವರ್ಷದವರ ಪ್ರಾಜೆಕ್ಟ್ ವರದಿ ಎಲ್ಲ ಒಂದೇ ವಾರದಲ್ಲಿ ಕಾಗದಕ್ಕಿಳಿಯಬೇಕು. ಆ ವಾರ ಜೆರಾಕ್ಸ್ ಅಂಗಡಿಯ ಕಟ್ಟೆಯ ಪಕ್ಕ ಸ್ವಲ್ಪ ಹೊತ್ತು ನಿಂತವರಿಗೆ ನಮ್ಮ ಕಂಪ್ಯೂಟರ್ ಶಿಕ್ಷಣದ ನಿಜಸ್ಥಿತಿ ಕಣ್ಣಿಗೇ ಬೀಳುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಪ್ರೋಗ್ರಾಂ ಬರೆಯುವ ಹುಡುಗನಿಗೆ ತನ್ನ ಕಡತ ಫೋನಿನಲ್ಲಿ ಎಲ್ಲಿ ಕೂತಿದೆ ಎಂದು ಗೊತ್ತಿಲ್ಲ. ನಲವತ್ತು ಪುಟದಲ್ಲಿ ಮೂರೇ ಪುಟ ಬೇಕಾದವಳು ನಲವತ್ತನ್ನೂ ತೆಗೆಸಿ ಉಳಿದದ್ದನ್ನು ಮಡಚಿ ಚೀಲಕ್ಕೆ ತುರುಕುತ್ತಾಳೆ. ಕೋಣೆಯಲ್ಲಿ ಅಚ್ಚುಕಟ್ಟಾಗಿದ್ದ ವರ್ಡ್ ಕಡತ ಅಂಗಡಿಯಲ್ಲಿ ತೆರೆದಾಗ ಚಿತ್ರ ಒಂದು ಪುಟಕ್ಕೆ, ಅದರ ಶೀರ್ಷಿಕೆ ಇನ್ನೊಂದಕ್ಕೆ ಹೋಗಿರುತ್ತದೆ. "ಕಾಕಾ, ಹಿಂಗ್ಯಾಕ ಬಂತು?" ಎಂದು ಕೇಳಿದರೆ ಕಾಕಾ ಏನು ಹೇಳಿಯಾರು? ಅವರ ಹಿಂದೆ ಇನ್ನೂ ಇಪ್ಪತ್ತು ಜನ ನಿಂತಿದ್ದಾರೆ.

ಇದು ಧನಕವಡಿಗಷ್ಟೇ ಸೇರಿದ ಕಥೆಯಲ್ಲ. ಧಾರವಾಡದ ಸಪ್ತಾಪುರದಲ್ಲೂ ಬೆಂಗಳೂರಿನ ವಿಜಯನಗರದಲ್ಲೂ ಇದೇ ಆಗುತ್ತದೆ. ಆದರೆ 1991ರಲ್ಲಿ ಪರಮ್ 8000 ಎಂಬ ಸೂಪರ್ ಕಂಪ್ಯೂಟರನ್ನು ಕಟ್ಟಿದ ಸಿ-ಡ್ಯಾಕ್‌ನ ಊರಿನಲ್ಲಿ, ಹೆಸರಿನಲ್ಲೇ ಕಂಪ್ಯೂಟರ್ ಇಟ್ಟುಕೊಂಡ ಕಾಲೇಜಿನ ನೆರೆಯಲ್ಲಿ ಹೀಗಾಗುತ್ತದೆ ಎಂದಾಗ ಪ್ರಶ್ನೆಯನ್ನು ಸರಿಯಾಗಿಯೇ ಕೇಳಬೇಕಾಗುತ್ತದೆ. ವಿದ್ಯಾರ್ಥಿಗೆ ಬೇಕಾದ ಪ್ರಾಥಮಿಕ ಕಂಪ್ಯೂಟರ್ ಜ್ಞಾನ ಎಂದರೆ ಯಾವುದು? ಅದನ್ನು ನಾವು ಕಲಿಸಿದ್ದೇವೆಯೆ?

ಕಲಿಸುವ ಪ್ರಯತ್ನಕ್ಕೆ ನಾಲ್ಕು ದಶಕದ ವಯಸ್ಸಾಗಿದೆ. 1984-85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆಯಡಿ ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ಆಯ್ದ ಶಾಲೆಗಳಿಗೆ ಕೊಟ್ಟಿತು. ಡಿಸೆಂಬರ್ 2004ರಲ್ಲಿ ಶಾಲೆಗಳಿಗೆ ಐಸಿಟಿ ಯೋಜನೆ ಬಂತು. ಮಹಾರಾಷ್ಟ್ರದಲ್ಲಿ 2001ರಲ್ಲಿ ಮಹಾರಾಷ್ಟ್ರ ನಾಲೆಜ್ ಕಾರ್ಪೊರೇಷನ್ ಸ್ಥಾಪನೆಯಾಗಿ, ಅದರ ಎಂಎಸ್-ಸಿಐಟಿ ಕೋರ್ಸು ಎಸ್ಸೆಸ್ಸೆಲ್ಸಿ ಮುಗಿಸಿದವರಿಂದ ಸರ್ಕಾರಿ ನೌಕರಿ ಹುಡುಕುವವರವರೆಗೆ ಎಲ್ಲರೂ ಮಾಡುವ ಕೋರ್ಸಾಯಿತು. ಪುಣೆಯ ಯಾವ ಗಲ್ಲಿಗೆ ಹೋದರೂ ಅದರ ಬೋರ್ಡು ಕಾಣುತ್ತದೆ. ಕರ್ನಾಟಕ ಸರ್ಕಾರ ತನ್ನ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮವನ್ನು 2012ರಲ್ಲಿ ತಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಆರನೆಯ ತರಗತಿಯಿಂದಲೇ ಕೋಡಿಂಗ್ ಎನ್ನುತ್ತದೆ.

ಯೋಜನೆಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಪಾಠದಲ್ಲಿ. ಶಾಲೆಯ ಕಂಪ್ಯೂಟರ್ ಪುಸ್ತಕಗಳನ್ನು ತಿರುವಿ ನೋಡಿ: ಕಂಪ್ಯೂಟರಿನ ಪಿತಾಮಹ ಯಾರು, ಕಂಪ್ಯೂಟರಿನ ತಲೆಮಾರುಗಳು ಎಷ್ಟು, ರಾಮ್ ರೋಮ್‌ಗಳ ಪೂರ್ಣರೂಪ ಏನು, ಇನ್‌ಪುಟ್ ಸಾಧನಗಳಿಗೆ ಮೂರು ಉದಾಹರಣೆ ಕೊಡಿ. ಪ್ರಿಂಟರ್ ಬರುವುದು ಔಟ್‌ಪುಟ್ ಸಾಧನಗಳ ಪಟ್ಟಿಯಲ್ಲಿ, ಮಾನಿಟರ್ ಮತ್ತು ಸ್ಪೀಕರಿನ ನಡುವೆ, ಒಂದು ಪದವಾಗಿ. ಬಾಯಿಪಾಠ ಮಾಡಿ ಅಂಕ ಗಳಿಸಲು ಇದಕ್ಕಿಂತ ಸುಲಭದ ವಿಷಯ ಇನ್ನೊಂದಿಲ್ಲ. ಲ್ಯಾಬಿನಲ್ಲಿ ಪ್ರಿಂಟರ್ ಇರುವುದೂ ಅಪರೂಪ. ಇದ್ದರೆ ಅದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ, ಬಟ್ಟೆ ಹೊದ್ದುಕೊಂಡು ಇರುತ್ತದೆ. ನನ್ನ ತಕರಾರು ಇಷ್ಟೆ: ಕಂಪ್ಯೂಟರ್ ಕಲಿಕೆಯನ್ನು ಪ್ರಿಂಟರಿನಿಂದಲೇ ಶುರುಮಾಡಬೇಕಿತ್ತು. ಒಂದು ಹಾಳೆಯನ್ನು ಸರಿಯಾಗಿ ಅಚ್ಚು ಹಾಕಿಸಬೇಕಾದರೆ ಕಡತ, ಫೋಲ್ಡರು, ಅಳತೆ, ಫಾಂಟು, ಪಿಕ್ಸೆಲ್ಲು, ಖರ್ಚು, ಗೌಪ್ಯತೆ ಎಲ್ಲವೂ ಗೊತ್ತಿರಬೇಕು. ಪರದೆಯ ಮೇಲೆ ತಪ್ಪು ಅಡಗಿರಬಹುದು. ಕಾಗದದ ಮೇಲೆ ಅಡಗಲಾರದು.

ಸಮೀಕ್ಷೆಗಳು ಏನನ್ನುತ್ತವೆ? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನ ಪ್ರಕಾರ ದೇಶದಲ್ಲಿ ಕಂಪ್ಯೂಟರ್ ಇದ್ದ ಮನೆಗಳು ಶೇ. 10.7, ಹಳ್ಳಿಗಳಲ್ಲಿ ಶೇ. 4.4, ಪಟ್ಟಣಗಳಲ್ಲಿ ಶೇ. 23.4. ಐದು ವರ್ಷ ಮೇಲ್ಪಟ್ಟವರಲ್ಲಿ ಕಂಪ್ಯೂಟರ್ ಬಳಸಬಲ್ಲವರು ಶೇ. 16.5. ಕೋವಿಡ್ ಬಂದುಹೋದ ಮೇಲೆ, 2023ರಲ್ಲಿ, ಪ್ರಥಮ್ ಸಂಸ್ಥೆಯ ಅಸರ್ ವರದಿ 26 ರಾಜ್ಯಗಳ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವಯಸ್ಸಿನವರನ್ನು ಮಾತಾಡಿಸಿತು. ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಬಂದಿತ್ತು. ಕಂಪ್ಯೂಟರ್ ಇದ್ದದ್ದು ನೂರಕ್ಕೆ ಒಂಬತ್ತು ಮನೆಗಳಲ್ಲಿ. ಮನೆಯಲ್ಲಿ ಕಂಪ್ಯೂಟರ್ ಇದ್ದವರಲ್ಲಿ ಶೇ. 85 ಮಂದಿಗೆ ಅದನ್ನು ನಡೆಸಲು ಬರುತ್ತಿತ್ತು, ಇಲ್ಲದವರಲ್ಲಿ ಶೇ. 34ರಷ್ಟು ಮಂದಿಗೆ ಮಾತ್ರ. ಎಂದರೆ ಶಾಲೆಯ ಲ್ಯಾಬಿಗಿಂತ ಮನೆಯ ಮೇಜು ಹೆಚ್ಚು ಕಲಿಸಿದೆ. ಸ್ವಂತ ಫೋನು ಇರುವುದರಲ್ಲೂ ಹುಡುಗಿಯರು ಹುಡುಗರಿಗಿಂತ ಬಹಳ ಹಿಂದಿದ್ದರು. ಜತ್ ತಾಲ್ಲೂಕಿನಿಂದ ಧನಕವಡಿಗೆ ಬಂದ ಹುಡುಗಿ ಮೊದಲ ವಾರವೇ ಲ್ಯಾಬಿನಲ್ಲಿ ತಡವರಿಸಿದರೆ ಅದು ಅವಳ ಬುದ್ಧಿಯ ದೋಷವಲ್ಲ.

ಫೋನು ಒಂದು ಉಪಕಾರ ಮಾಡಿ ಒಂದು ಅಪಕಾರವನ್ನೂ ಮಾಡಿದೆ. ಪರದೆಯ ಭಯ ಹೋಯಿತು, ಆದರೆ ಕಡತ ಎಲ್ಲಿದೆ ಎಂಬ ಕಲ್ಪನೆಯೇ ಬೆಳೆಯಲಿಲ್ಲ. ಫೋನಿನಲ್ಲಿ ಫೋಟೋ ಗ್ಯಾಲರಿಯಲ್ಲಿರುತ್ತದೆ, ಪಿಡಿಎಫ್ ವಾಟ್ಸಾಪ್‌ನಲ್ಲಿರುತ್ತದೆ, ಅಷ್ಟೆ. ಅದಕ್ಕೊಂದು ಹೆಸರಿದೆ, ಆ ಹೆಸರನ್ನು ಬದಲಿಸಬಹುದು, ಅದನ್ನು ಒಂದು ಫೋಲ್ಡರಿಗೆ ಹಾಕಿ ಆರು ತಿಂಗಳ ಮೇಲೂ ಹುಡುಕಿ ತೆಗೆಯಬಹುದು ಎಂಬುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಅಂಗಡಿಯ ಮೇಲ್‌ಗೆ ಒಂದೇ ದಿನ 'ಡಾಕ್ಯುಮೆಂಟ್ 1' ಹೆಸರಿನ ಹತ್ತಾರು ಕಡತಗಳು ಬಂದು ಬೀಳುತ್ತವೆ. ತನ್ನ ಹೆಸರು, ವಿಷಯ, ದಿನಾಂಕ ಸೇರಿಸಿ ಕಡತಕ್ಕೆ ಹೆಸರಿಡುವುದು ಮೊದಲ ಪಾಠವಾಗಲಿ ಎಂದು ನಾನು ಹೇಳಿದರೆ ಮೇಷ್ಟರುಗಳು ನಕ್ಕಾರು. ನಗಲಿ.

ಕೆಬಿ, ಎಂಬಿಗಳ ಲೆಕ್ಕವೂ ಹಾಗೆಯೇ. ಒಂದು ಕಿಲೋಬೈಟಿಗೆ 1024 ಬೈಟು ಎಂದು ಬರೆದು ಅಂಕ ಪಡೆದವರು ಬ್ಯಾಂಕ್ ಪರೀಕ್ಷೆಯ ಅರ್ಜಿ ತುಂಬುವಾಗ ಸಿಕ್ಕಿಬೀಳುತ್ತಾರೆ. ಐಬಿಪಿಎಸ್ ಅರ್ಜಿಯಲ್ಲಿ ಫೋಟೋ 20ರಿಂದ 50 ಕೆಬಿ ಒಳಗೆ, ಸಹಿ 10ರಿಂದ 20 ಕೆಬಿ ಒಳಗೆ ಇರಬೇಕು. ಫೋಟೋದ ಅಳತೆ 200ಕ್ಕೆ 230 ಪಿಕ್ಸೆಲ್. ಫೋನಿನಲ್ಲಿ ತೆಗೆದ ಚಿತ್ರ ನಾಲ್ಕು ಎಂಬಿ ಇದ್ದರೆ ಅದು ಐವತ್ತು ಕೆಬಿಯ ಎಂಬತ್ತು ಪಟ್ಟು. ಅದನ್ನು ಕುಗ್ಗಿಸುವುದು ಎಂದರೆ ಪಿಕ್ಸೆಲ್ ಕಡಿಮೆ ಮಾಡುವುದೋ, ಜೆಪಿಜಿಯ ಗುಣಮಟ್ಟ ಇಳಿಸುವುದೋ, ಎರಡನ್ನೂ ಮಾಡುವುದೋ. ಈ ಎರಡು ಮಾತು ತಿಳಿದವನಿಗೆ ಐದು ನಿಮಿಷದ ಕೆಲಸ. ತಿಳಿಯದವನು ಪಾಸ್‌ಪೋರ್ಟ್ ಅಳತೆಯ ಫೋಟೋವನ್ನು ಮತ್ತೆ ಫೋಟೋ ಹೊಡೆದು ಕೆಡಿಸಿಕೊಂಡಿರುತ್ತಾನೆ. ಅಚ್ಚಿಗೆ ಬಂದಾಗ ಲೆಕ್ಕ ತಿರುಗುತ್ತದೆ. ಎ4 ಹಾಳೆಯ ತುಂಬ ಚೆನ್ನಾಗಿ ಮೂಡಬೇಕಾದ ಚಿತ್ರಕ್ಕೆ, ಇಂಚಿಗೆ 300 ಚುಕ್ಕೆಯಂತೆ, ಸುಮಾರು 2480ಕ್ಕೆ 3508 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಫೋಟೋ ಎಂದೇ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಸಣ್ಣದು ಮಾಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದದ್ದು ಇದ್ದಂತೆ ಹೋಗುತ್ತದೆ. ಪ್ರಾಜೆಕ್ಟ್ ವರದಿಯ ಸರ್ಕ್ಯೂಟ್ ಚಿತ್ರಗಳು ಮಬ್ಬಾಗಿ ಬರುವುದಕ್ಕೆ ಬಹಳ ಸಲ ಇದೇ ಕಾರಣ, ಪಾಪ ಪ್ರಿಂಟರಿಗೆ ಬೈಗುಳ.

ಇನ್ನು ಯಂತ್ರದ ವಿಚಾರ. ಒಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ತಿಳಿದರೂ ಅರ್ಧ ತಾಪತ್ರಯ ಕಡಿಮೆಯಾಗುತ್ತದೆ. ಕಥೆ ಶುರುವಾಗುವುದು ಚೆಸ್ಟರ್ ಕಾರ್ಲ್‌ಸನ್ ಎಂಬ ಅಮೆರಿಕದ ಪೇಟೆಂಟ್ ಕೆಲಸಗಾರನಿಂದ. ಕಾಗದಪತ್ರಗಳ ನಕಲು ಮಾಡಿ ಮಾಡಿ ಬೇಸತ್ತ ಆತ ಅಕ್ಟೋಬರ್ 22, 1938ರಂದು ನ್ಯೂಯಾರ್ಕಿನ ಆಸ್ಟೋರಿಯಾದಲ್ಲಿ, ಗಂಧಕ ಲೇಪಿಸಿದ ಸತುವಿನ ತಗಡನ್ನು ಉಜ್ಜಿ ವಿದ್ಯುತ್ ತುಂಬಿ, ಬೆಳಕು ಬಿಟ್ಟು, ಪುಡಿ ಉದುರಿಸಿ, ಮೊದಲ ಒಣ ನಕಲನ್ನು ತೆಗೆದ. ಆ ತಂತ್ರ ಜೆರಾಕ್ಸ್ 914 ಎಂಬ ಯಂತ್ರವಾಗಿ ಬರಲು 1959 ಆಗಬೇಕಾಯಿತು. ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರ್ ಅದೇ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ, 1971ರ ಹೊತ್ತಿಗೆ, ಮೂಲಪ್ರತಿಯ ಬದಲು ಕಂಪ್ಯೂಟರ್ ಹೇಳಿದಂತೆ ಲೇಸರ್ ಕಿರಣವೇ ಡ್ರಮ್ಮಿನ ಮೇಲೆ ಬರೆಯುವಂತೆ ಮಾಡಿದ. 1984ರಲ್ಲಿ ಎಚ್‌ಪಿ ಕಂಪನಿ ಕ್ಯಾನನ್‌ನ ಎಂಜಿನ್ ಬಳಸಿ ಲೇಸರ್‌ಜೆಟ್ ತಂದಿತು. ನಿಮಿಷಕ್ಕೆ ಎಂಟು ಪುಟ, ಬೆಲೆ 3,495 ಡಾಲರ್.

ಇಂದು ಅಂಗಡಿಯಲ್ಲಿರುವ ಲೇಸರ್ ಪ್ರಿಂಟರ್ ಮಾಡುವುದೂ ಅದನ್ನೇ. ಬೆಳಕು ತಾಗಿದರೆ ಗುಣ ಬದಲಿಸುವ ಲೇಪನದ ಡ್ರಮ್ಮಿಗೆ ಮೊದಲು ವಿದ್ಯುದಾವೇಶ ಕೊಡುತ್ತಾರೆ. ಅಕ್ಷರ ಬೇಕಾದ ಕಡೆ ಲೇಸರ್ ಆ ಆವೇಶವನ್ನು ಅಳಿಸುತ್ತದೆ. ಅಲ್ಲಿಗೆ ಟೋನರ್ ಅಂಟುತ್ತದೆ. ಟೋನರ್ ಶಾಯಿಯಲ್ಲ, ಪ್ಲಾಸ್ಟಿಕ್ ಬೆರೆತ ನುಣ್ಣನೆಯ ಪುಡಿ. ಕಾಗದ ಆ ಪುಡಿಯನ್ನು ಎಳೆದುಕೊಳ್ಳುತ್ತದೆ. ಕೊನೆಗೆ ಫ್ಯೂಸರ್ ಎಂಬ ಬಿಸಿ ರೋಲರುಗಳು, ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ತಿರದ ಶಾಖದಲ್ಲಿ, ಪುಡಿಯನ್ನು ಕರಗಿಸಿ ಕಾಗದಕ್ಕೆ ಒತ್ತುತ್ತವೆ. ಅಂಗಡಿಯಿಂದ ಹಾಳೆ ಬೆಚ್ಚಗೆ ಕೈಗೆ ಬರುವುದು ಇದರಿಂದ. ಕೈಯಿಂದ ಉಜ್ಜಿದರೆ ಅಕ್ಷರ ಪುಡಿಯಾಗಿ ಬಂದರೆ ಫ್ಯೂಸರ್ ಸೋತಿದೆ. ಪ್ರತಿ ಹಾಳೆಯಲ್ಲೂ ಒಂದೇ ಅಂತರಕ್ಕೆ ಒಂದೇ ಕಲೆ ಮೂಡುತ್ತಿದ್ದರೆ ಡ್ರಮ್ಮಿಗೋ ರೋಲರಿಗೋ ಗಾಯವಾಗಿದೆ. ಮಧ್ಯದಲ್ಲಿ ಉದ್ದಕ್ಕೆ ಮಾಸಿದರೆ ಟೋನರ್ ಮುಗಿಯುತ್ತ ಬಂದಿದೆ. ಡ್ರಮ್ಮನ್ನು ಹೊರಗೆ ತೆಗೆದು ಬೆಳಕಿನಲ್ಲಿ ಬಹಳ ಹೊತ್ತು ಇಡಬಾರದು ಎನ್ನುವುದೂ ಈ ಕೆಲಸದ ಬಗೆ ತಿಳಿದವರಿಗೆ ತಾನಾಗಿ ಹೊಳೆಯುತ್ತದೆ.

ಇಂಕ್‌ಜೆಟ್ ಬೇರೆ ಜಾತಿ. ಕೂದಲಿಗಿಂತ ಸಣ್ಣ ರಂಧ್ರಗಳಿಂದ ಶಾಯಿಯ ಹನಿ ಚಿಮ್ಮಿಸುತ್ತದೆ. ಎಚ್‌ಪಿ, ಕ್ಯಾನನ್‌ಗಳಲ್ಲಿ ಶಾಖದಿಂದ ಗುಳ್ಳೆ ಎಬ್ಬಿಸಿ, ಎಪ್ಸನ್‌ನಲ್ಲಿ ವಿದ್ಯುತ್ ತಾಗಿದರೆ ನಡುಗುವ ಹರಳಿನ ಒತ್ತಡದಿಂದ. ಬಣ್ಣದ ಚಿತ್ರಕ್ಕೆ ಚೆನ್ನ, ನೀರು ಬಿದ್ದರೆ ಹರಡುವುದು ಸಾಮಾನ್ಯ, ಬಹಳ ದಿನ ಬಳಸದಿದ್ದರೆ ಶಾಯಿ ಒಣಗಿ ತಲೆ ಕಟ್ಟಿಕೊಳ್ಳುತ್ತದೆ. ಡಾಟ್ ಮ್ಯಾಟ್ರಿಕ್ಸ್ ಸತ್ತಿತೆಂದು ಪಠ್ಯಗಳು ಬರೆದರೂ ಅದು ಸತ್ತಿಲ್ಲ. ಕಾರ್ಬನ್ ಪ್ರತಿಯೊಂದಿಗೆ ಬಿಲ್ ಬೇಕಾದ ಕಡೆ, ಪಾಸ್‌ಬುಕ್ ತುಂಬುವ ಕಡೆ ಕಿರ್ರೆನ್ನುತ್ತಲೇ ಇದೆ.

ಈಗ ಕಂಟ್ರೋಲ್ ಮತ್ತು ಪಿ ಒತ್ತಿದಾಗ ತೆರೆಯುವ ಆ ಒಂದು ಕಿಟಕಿಗೆ ಬರೋಣ. ಇಡೀ ವಿಷಯದ ತಿರುಳು ಅಲ್ಲಿದೆ, ಅದನ್ನು ಓದದೆ 'ಓಕೆ' ಒತ್ತುವುದು ನಮ್ಮ ರೂಢಿ. ಯಾವ ಪ್ರಿಂಟರ್ ಎಂದು ಮೊದಲು ಕೇಳುತ್ತದೆ. ಅಲ್ಲಿ 'ಪಿಡಿಎಫ್‌ಗೆ ಮುದ್ರಿಸು' ಎಂದಿದ್ದರೆ ಕಾಗದ ಬರುವುದಿಲ್ಲ, ಹುಡುಗರು ಕಾಯುತ್ತ ನಿಂತಿರುತ್ತಾರೆ. ಪುಟಗಳ ಜಾಗದಲ್ಲಿ 3-5, 8 ಎಂದು ಬರೆದರೆ ಮೂರು, ನಾಲ್ಕು, ಐದು ಮತ್ತು ಎಂಟು ಮಾತ್ರ ಬರುತ್ತವೆ. ಎರಡೂ ಬದಿ ಬೇಕಾದರೆ, ಮರಾಠಿಯಲ್ಲಿ ಅಂಗಡಿಯವರು ಹೇಳುವ 'ಪಾಠಪೋಟ್', ಉದ್ದ ಅಂಚಿಗೆ ತಿರುಗಿಸಬೇಕೋ ಗಿಡ್ಡ ಅಂಚಿಗೋ ಎಂದು ಕೇಳುತ್ತದೆ. ಪುಸ್ತಕದಂತೆ ಮಗುಚಬೇಕಾದ ಜರ್ನಲ್ಲಿಗೆ ಉದ್ದ ಅಂಚು. ತಾನಾಗಿ ತಿರುಗಿಸದ ಯಂತ್ರವಾದರೆ ಬೆಸ ಪುಟ ಮೊದಲು, ಹಾಳೆ ಮಗುಚಿ ಹಾಕಿ ಸಮ ಪುಟ ಆಮೇಲೆ. ಸ್ಪೈರಲ್ ಬೈಂಡಿಂಗ್ ಮಾಡಿಸುವವರು ಎಡ ಅಂಚಿನಲ್ಲಿ ಜಾಗ ಬಿಟ್ಟಿರಬೇಕು, ಇಲ್ಲವಾದರೆ ತೂತು ಅಕ್ಷರದ ಮೇಲೆಯೇ ಬೀಳುತ್ತದೆ.

ಕಾಗದದ ಅಳತೆಯ ಗೊಂದಲ ದೊಡ್ಡದು. ಎ4 ಎಂದರೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ, ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. 75 ಜಿಎಸ್‌ಎಂ ಎಂದರೆ ಆ ಒಂದು ಚದರ ಮೀಟರಿನ ತೂಕ 75 ಗ್ರಾಂ, ಆದ್ದರಿಂದ ಒಂದು ಹಾಳೆ ಐದು ಗ್ರಾಂಗೆ ಸ್ವಲ್ಪ ಕಡಿಮೆ. ಅಮೆರಿಕದ ಲೆಟರ್ ಅಳತೆ ಇದಕ್ಕಿಂತ ಅಗಲ, ಎತ್ತರದಲ್ಲಿ 18 ಮಿ.ಮೀ. ಗಿಡ್ಡ. ಲ್ಯಾಪ್‌ಟಾಪಿನಲ್ಲಿ ದೇಶ ಅಮೆರಿಕ ಎಂದೇ ಉಳಿದಿದ್ದರೆ ವರ್ಡ್ ಸದ್ದಿಲ್ಲದೆ ಲೆಟರ್ ಹಿಡಿಯುತ್ತದೆ. ಆಗ ಪ್ರಿಂಟರ್ ಕೆಲವು ಸಲ ಲೆಟರ್ ಕಾಗದ ಕೊಡಿ ಎಂದು ದೀಪ ಮಿಟುಕಿಸುತ್ತ ನಿಂತುಬಿಡುತ್ತದೆ. ಅಂಗಡಿಯವನು ಪುಟವನ್ನು ಎ4ಗೆ ಬದಲಿಸಿದರೆ ಸಾಲುಗಳು ಜಾರಿ ಅನುಕ್ರಮಣಿಕೆಯ ಪುಟಸಂಖ್ಯೆ ಸುಳ್ಳಾಗುತ್ತದೆ. ಬರೆಯಲು ಕೂರುವ ಮೊದಲೇ ಎ4 ಆಯ್ದುಕೊಂಡು, ಬರೆದು ಮುಗಿದ ಮೇಲೆ ಪಿಡಿಎಫ್ ಮಾಡಿ ಅಂಗಡಿಗೆ ಕೊಂಡೊಯ್ದರೆ ಈ ರಗಳೆ ಇಲ್ಲ. ಅಡೋಬಿ ಕಂಪನಿ 1993ರಲ್ಲಿ ಪಿಡಿಎಫ್ ತಂದದ್ದೇ ಪುಟ ಯಾವ ಯಂತ್ರದಲ್ಲಿ ತೆರೆದರೂ ಕದಲದಿರಲಿ ಎಂದು.

ಎಂಜಿನಿಯರಿಂಗ್ ಹುಡುಗರಿಗೆ ಮಾತ್ರ ಅನ್ವಯಿಸುವ ಒಂದು ಮಾತು. ಪ್ರೋಗ್ರಾಂ ಓಡಿಸಿದ ಕಪ್ಪು ಪರದೆಯ ಚಿತ್ರವನ್ನು ಹಾಗೇ ಜರ್ನಲ್ಲಿಗೆ ಅಂಟಿಸುವುದು ಇಲ್ಲಿನ ಪದ್ಧತಿ. ಅಂಗಡಿಗಳಲ್ಲಿ ಬಹುಕಾಲ ಬಾಳಿದ ಎಚ್‌ಪಿಯ 12ಎ ಕಾರ್ಟ್ರಿಜ್ ಸುಮಾರು 2,000 ಪುಟ ಕೊಡುತ್ತದೆ ಎಂದು ಕಂಪನಿ ಹೇಳುವುದು ಪುಟದ ಶೇ. 5ರಷ್ಟು ಭಾಗ ಮಾತ್ರ ಕಪ್ಪಾದರೆ ಎಂಬ ಲೆಕ್ಕದಲ್ಲಿ. ಅರ್ಧ ಪುಟ ಕಪ್ಪು ಚಿತ್ರ ಹಾಕಿದರೆ ಹತ್ತು ಪುಟದ ಟೋನರ್ ಒಂದೇ ಹಾಳೆಗೆ ಹೋಯಿತು. ಟರ್ಮಿನಲ್ಲಿನ ಬಣ್ಣವನ್ನು ಬಿಳಿ ಹಿನ್ನೆಲೆ, ಕಪ್ಪು ಅಕ್ಷರಕ್ಕೆ ಬದಲಿಸಲು ಅರ್ಧ ನಿಮಿಷ ಸಾಕು. ಓದಲೂ ಚೆಂದ. ಯಾವ ಅಧ್ಯಾಪಕರೂ ಇದನ್ನು ಯಾಕೆ ಕಡ್ಡಾಯ ಮಾಡುವುದಿಲ್ಲವೋ ನನಗೆ ತಿಳಿಯದು.

ಕನ್ನಡದ ವಿದ್ಯಾರ್ಥಿಗೆ ಇವೆಲ್ಲದರ ಮೇಲೆ ಫಾಂಟಿನ ಕಾಟ. ಊರಿನಿಂದ ಬಂದ ಪ್ರಮಾಣಪತ್ರದ ಅರ್ಜಿ, ಸಂಘದ ಕಾರ್ಯಕ್ರಮದ ಆಮಂತ್ರಣ, ಕನ್ನಡ ಎಂ.ಎ. ಮಾಡುವವರ ಪ್ರಬಂಧ ಪುಣೆಯ ಅಂಗಡಿಯಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಮೇಲೆ ಕೊಂಬು ಬಾಲ ಮೂಡಿದ ಗೋಜಲು. ಕಾರಣ ಸರಳ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ವೇಷ ಕಳಚಿಬೀಳುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಜಾಗ 1991ರ ಮೊದಲ ಆವೃತ್ತಿಯಿಂದಲೂ ಇದೆ. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಬಂದ ಮೇಲೆ ಸಾಮಾನ್ಯ ಕಂಪ್ಯೂಟರಿಗೂ ಅದು ತಲುಪಿತು. ಆದ್ದರಿಂದ ಕನ್ನಡ ಬರೆಯುವವರು ಯೂನಿಕೋಡಿನಲ್ಲೇ ಬರೆಯಲಿ. ಹಳೆಯ ನುಡಿಯ ಕಡತವಿದ್ದರೆ ಪರಿವರ್ತಕದಿಂದ ಬದಲಿಸಿಕೊಳ್ಳಲಿ ಅಥವಾ ಫಾಂಟನ್ನು ಒಳಗೆ ಸೇರಿಸಿದ ಪಿಡಿಎಫ್ ಮಾಡಿಕೊಂಡು ಬರಲಿ.

ತಮಾಷೆಯೆಂದರೆ ಕನ್ನಡ ಅಚ್ಚಿಗೆ ಪುಣೆ ಪರಕೀಯ ಊರೇ ಅಲ್ಲ. ಕನ್ನಡದ ಎಷ್ಟೋ ಪುಸ್ತಕ, ಪತ್ರಿಕೆಗಳ ಡಿಟಿಪಿಗೆ ಒದಗಿದ ಶ್ರೀಲಿಪಿಯನ್ನು ತಯಾರಿಸಿದ ಮಾಡ್ಯುಲರ್ ಇನ್ಫೋಟೆಕ್ ಪುಣೆಯ ಕಂಪನಿ. ಕಾನ್ಪುರದ ಐಐಟಿಯಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನ, ಭಾರತೀಯ ಲಿಪಿಗಳನ್ನೆಲ್ಲ ಒಂದೇ ಕೀಲಿಮಣೆಯಲ್ಲಿ ಮೂಡಿಸುವ ಕೆಲಸ, ಮುಂದೆ ಬೆಳೆದದ್ದು ಪುಣೆಯ ಸಿ-ಡ್ಯಾಕ್‌ನಲ್ಲಿ. ಗಣೇಶನಗರದಲ್ಲಿ ಕನ್ನಡ ಸಂಘದವರ ಕಾವೇರಿ ಶಿಕ್ಷಣ ಸಂಸ್ಥೆಗಳಿವೆ. ಇಷ್ಟೆಲ್ಲ ಇರುವ ಊರಿನಲ್ಲಿ ಕನ್ನಡದ ಒಂದು ಪುಟ ನೆಟ್ಟಗೆ ಪ್ರಿಂಟ್ ಆಗದಿದ್ದರೆ ತಪ್ಪು ಊರಿನದಲ್ಲ, ಕಡತ ತಯಾರಿಸಿದವರದು.

ಪೇಪರ್ ಜಾಮ್ ಬಗ್ಗೆ ಹೇಳದಿದ್ದರೆ ಈ ಸಮೀಕ್ಷೆ ಅಪೂರ್ಣ. ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ತೇವ. ಬಿಚ್ಚಿಟ್ಟ ರೀಮಿನ ಹಾಳೆಗಳು ತೇವ ಹೀರಿ ಸುರುಳಿಯಾಗಿ ಒಂದಕ್ಕೊಂದು ಅಂಟುತ್ತವೆ. ರೀಮನ್ನು ಅದರ ಹೊದಿಕೆಯಲ್ಲೇ ಇಡಬೇಕು, ಹಾಕುವ ಮೊದಲು ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿ ಗಾಳಿ ಆಡಿಸಬೇಕು, ತಟ್ಟೆಯ ಅಂಚಿನ ಹಿಡಿಕೆಗಳನ್ನು ಕಾಗದಕ್ಕೆ ತಾಗುವಂತೆ ಸರಿಸಬೇಕು. ಸಿಕ್ಕಿಕೊಂಡರೆ ಯಂತ್ರ ಆರಿಸಿ, ಮುಚ್ಚಳ ತೆಗೆದು, ಕಾರ್ಟ್ರಿಜ್ ಹೊರಗಿಟ್ಟು, ಕಾಗದ ಹೋಗುತ್ತಿದ್ದ ದಿಕ್ಕಿಗೇ ಎರಡೂ ಕೈಯಿಂದ ಮೆಲ್ಲಗೆ ಎಳೆಯಬೇಕು. ಫ್ಯೂಸರ್ ಹತ್ತಿರ ಕೈ ಹಾಕಿದರೆ ಸುಡುತ್ತದೆ. ಪ್ರಿಂಟ್ ಬರಲಿಲ್ಲವೆಂದು ಹತ್ತು ಸಲ ಒತ್ತುವುದು ಇನ್ನೊಂದು ಅನಾಹುತ: ಆ ಹತ್ತೂ ಸರದಿಯಲ್ಲಿ ಕಾದು ಕೂತಿರುತ್ತವೆ, ಜಾಮ್ ಬಿಡಿಸಿದ ಕೂಡಲೇ ಒಂದರ ಹಿಂದೊಂದು ಹೊರಬರುತ್ತವೆ. ಮೊದಲು ಸರದಿಯ ಕಿಟಕಿ ತೆರೆದು ಬೇಡದ್ದನ್ನು ರದ್ದು ಮಾಡಬೇಕು.

ಜಾಮ್ ಆದ ಪ್ರಿಂಟರೊಂದು ಕಂಪ್ಯೂಟರ್ ಚರಿತ್ರೆಯನ್ನೇ ತಿರುಗಿಸಿದ್ದುಂಟು. 1980ರ ಹೊತ್ತಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಬಂದ ಜೆರಾಕ್ಸ್ ಲೇಸರ್ ಪ್ರಿಂಟರ್ ಮೇಲಿಂದ ಮೇಲೆ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಎಲ್ಲರ ಪರದೆಗೂ ಸುದ್ದಿ ಹೋಗುವಂತೆ ಮಾಡಲು ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಬಯಸಿದ; ಹಳೆಯ ಪ್ರಿಂಟರಿಗೆ ಹಾಗೆ ಮಾಡಿಯೂ ಇದ್ದ. ಹೊಸದರ ಮೂಲ ಪ್ರೋಗ್ರಾಮನ್ನು ಯಾರೂ ಕೊಡಲಿಲ್ಲ. ಆ ಸಿಟ್ಟು ಬೆಳೆದು 1983ರಲ್ಲಿ ಗ್ನೂ ಯೋಜನೆಯ ಘೋಷಣೆಯಾಯಿತು, ಮುಕ್ತ ತಂತ್ರಾಂಶದ ಚಳವಳಿ ಹುಟ್ಟಿತು. ಧನಕವಡಿಯ ಲ್ಯಾಬುಗಳಲ್ಲಿ ಇಂದು ಲಿನಕ್ಸ್ ಕಲಿಯುವವರಿಗೆ ಈ ಕಥೆ ಹೇಳಿದರೆ ಪ್ರಿಂಟರಿನ ಮೇಲೆ ಸ್ವಲ್ಪ ಗೌರವ ಬಂದೀತು.

ಹಾಗಾದರೆ ವಿದ್ಯಾರ್ಥಿ ಪ್ರಿಂಟರ್ ಕೊಳ್ಳಬೇಕೆ? ಬಹುಪಾಲು ಜನರಿಗೆ ನನ್ನ ಉತ್ತರ ಬೇಡ. ಅಗ್ಗದ ಇಂಕ್‌ಜೆಟ್ ಕೊಂಡು ಸೆಮಿಸ್ಟರಿಗೆ ಎರಡು ಸಲ ಬಳಸಿದರೆ ಮೂರನೆಯ ಸಲಕ್ಕೆ ಅದರ ಶಾಯಿ ಒಣಗಿರುತ್ತದೆ, ಹೊಸ ಕಾರ್ಟ್ರಿಜ್‌ನ ಬೆಲೆ ಯಂತ್ರದ ಬೆಲೆಯ ಹತ್ತಿರಕ್ಕೆ ಬರುತ್ತದೆ. ಇಂಕ್ ಟ್ಯಾಂಕ್ ಪ್ರಿಂಟರಿನಲ್ಲಿ ಪುಟದ ಖರ್ಚು ಬಹಳ ಕಡಿಮೆ, ಆದರೆ ವಾರಕ್ಕೊಮ್ಮೆಯಾದರೂ ಓಡಿಸುತ್ತಿರಬೇಕು. ನಾಲ್ಕೈದು ಮಂದಿ ಒಂದೇ ಕೋಣೆಯಲ್ಲಿದ್ದು ಪಾಲು ಹಾಕುವುದಾದರೆ ಕಪ್ಪು-ಬಿಳುಪಿನ ಸಣ್ಣ ಲೇಸರ್ ಒಳ್ಳೆಯದು; ತಿಂಗಳುಗಟ್ಟಲೆ ಸುಮ್ಮನಿದ್ದರೂ ಟೋನರ್ ಒಣಗುವುದಿಲ್ಲ. ಉಳಿದವರಿಗೆ ಕೆಳಗಿನ ಜೆರಾಕ್ಸ್ ಅಂಗಡಿಯೇ ಸಾಕು. ಅಂಗಡಿಯವರಿಗೆ ಏನು ಬೇಕೆಂದು ಸರಿಯಾಗಿ ಹೇಳಲು ಬಂದರಾಯಿತು.

ಅಂಗಡಿ ಎಂದ ಮೇಲೆ ಎಚ್ಚರವೂ ಬೇಕು. ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್‌ಗಳ ಪ್ರತಿಗಳು ಅಂಗಡಿಯ ಡೆಸ್ಕ್‌ಟಾಪಿನಲ್ಲಿ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತವೆ. ಮೇ 27, 2022ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಇಂಟರ್ನೆಟ್ ಕೆಫೆಯಂಥ ಸಾರ್ವಜನಿಕ ಕಂಪ್ಯೂಟರಿನಲ್ಲಿ ಇ-ಆಧಾರ್ ಇಳಿಸಿಕೊಳ್ಳಬೇಡಿ, ಇಳಿಸಿಕೊಂಡರೆ ಪ್ರತಿಗಳನ್ನು ಅಳಿಸಿ ಎಂದು ಸೂಚನೆ ಹೊರಡಿಸಿತು. ಆಧಾರಿನ ಪ್ರತಿಯನ್ನು ಯಾರಿಗೂ ಕೊಡಬೇಡಿ ಎಂಬ ಅದರ ಮಾತು ಗದ್ದಲ ಎಬ್ಬಿಸಿ ಎರಡೇ ದಿನದಲ್ಲಿ ಸೂಚನೆ ವಾಪಸಾಯಿತು. ಸೂಚನೆ ಹೋದರೂ ಕೆಫೆಯ ವಿಚಾರ ಹೇಳಿದ್ದು ಸರಿಯೇ ಇತ್ತು. ಇ-ಆಧಾರಿನ ಪಾಸ್‌ವರ್ಡ್ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಅದನ್ನು ಅಂಗಡಿಯಲ್ಲಿ ಕೂಗಿ ಹೇಳಿದ ಮೇಲೆ ಅದಕ್ಕೆ ಅರ್ಥವಿಲ್ಲ. ಅಂಕಿಗಳನ್ನು ಮರೆಮಾಡಿದ ಆಧಾರ್ ಸಾಕಾದ ಕಡೆ ಅದನ್ನೇ ಕೊಡಿ. ಅಂಗಡಿಯ ಯಂತ್ರದಲ್ಲಿ ವಾಟ್ಸಾಪ್ ವೆಬ್ ತೆರೆದರೆ ಹೊರಡುವ ಮುನ್ನ ಫೋನಿನಲ್ಲಿ 'ಲಿಂಕ್ಡ್ ಡಿವೈಸಸ್' ನೋಡಿ ಲಾಗ್ ಔಟ್ ಮಾಡಿ. ಪೆನ್ ಡ್ರೈವ್ ಹಾಕಿದರೆ ಅಂಗಡಿಯ ವೈರಸ್ಸನ್ನು ಕೋಣೆಗೆ ತರುತ್ತೀರಿ ಎಂದೇ ತಿಳಿದು ಮೊದಲು ಸ್ಕ್ಯಾನ್ ಮಾಡಿ.

ಇದನ್ನೆಲ್ಲ ಕಲಿಸಲು ವರ್ಷದ ಕೋರ್ಸು ಬೇಡ. ಹೊಸ ಲ್ಯಾಬ್, ಹೊಸ ಯೋಜನೆಯೂ ಬೇಡ. ಶಾಲೆಗಳು ತಮ್ಮ ಪ್ರಿಂಟರನ್ನು ಬೀಗದ ಕೋಣೆಯಿಂದ ಹೊರತಂದು, ಪ್ರತಿ ಮಗು ವರ್ಷಕ್ಕೆ ಹತ್ತು ಹಾಳೆಯನ್ನಾದರೂ ತಾನೇ ಬರೆದು, ತಾನೇ ಹೆಸರಿಟ್ಟು, ತಾನೇ ಮುದ್ರಿಸುವಂತೆ ಮಾಡಿದರೆ ಪುಸ್ತಕದ ಐದು ಅಧ್ಯಾಯಕ್ಕಿಂತ ಹೆಚ್ಚು ಬರುತ್ತದೆ. ಹಾಳಾದ ಹಾಳೆಗೆ ಬೈಯಬಾರದು, ಅಷ್ಟೆ. ಪುಣೆಯಲ್ಲಿ ಓದುವ ಹಿರಿಯ ಕನ್ನಡ ವಿದ್ಯಾರ್ಥಿಗಳಿಗೆ, ಇಲ್ಲಿನ ಕನ್ನಡ ಬಳಗಗಳಿಗೆ ನನ್ನ ಕೋರಿಕೆ ಒಂದೇ: ಪ್ರವೇಶದ ಕಾಲದಲ್ಲಿ ಗಡಿ ತಾಲ್ಲೂಕುಗಳಿಂದ ಬರುವ ಹೊಸಬರಿಗೆ ಬಸ್ ಪಾಸು, ಮೆಸ್ಸು ತೋರಿಸುವ ಹಾಗೆಯೇ ಒಂದು ಮಧ್ಯಾಹ್ನ ಜೆರಾಕ್ಸ್ ಅಂಗಡಿಗೂ ಕರೆದುಕೊಂಡು ಹೋಗಿ. ಒಂದು ಕಡತಕ್ಕೆ ಹೆಸರಿಡಲು, ಪಿಡಿಎಫ್ ಮಾಡಲು, ಬೇಕಾದಷ್ಟೇ ಪುಟ ತೆಗೆಸಲು, ಬರುವಾಗ ಲಾಗ್ ಔಟ್ ಆಗಲು ಕಲಿಸಿ. ಸಬ್ಮಿಷನ್ ವಾರ ಬರುವ ಮೊದಲೇ ಕಲಿಸಿ; ಆ ವಾರ ಯಾರಿಗೂ ಪುರುಸೊತ್ತಿರುವುದಿಲ್ಲ.